ಸಾಮರ್‌ವೆಲ್, ಥಿಯೊಡೋರ್ ಹೊವಾರ್ಡ್ (1890–1975)

ಥಿಯೊಡೋರ್ ಹೊವಾರ್ಡ್ ಸಾಮರ್‌ವೆಲ್ ಬ್ರಿಟಿಷ್ ಪರ್ವತಾರೋಹಿ, ಪರ್ವತದೃಶ್ಯಗಳ ಚಿತ್ರಕಾರ ಮತ್ತು ದಕ್ಷಿಣ ಭಾರತದಲ್ಲಿ 1923ರಿಂದ 1961ರವರೆಗೆ ಕೆಲಸ ಮಾಡಿದ ಶಸ್ತ್ರವೈದ್ಯ. 1922 ಮತ್ತು 1924ರ ಎವರೆಸ್ಟ್ ಆರೋಹಣ ಯಾತ್ರೆಗಳೆರಡರಲ್ಲೂ ಈತ ಪಾಲ್ಗೊಂಡ. ಎರಡನೆಯ ಯಾತ್ರೆಯಲ್ಲಿ ಕೃತಕ ಆಮ್ಲಜನಕದ ನೆರವಿಲ್ಲದೆ ಸುಮಾರು 28,000 ಅಡಿ (8,530 ಮೀ.) ಎತ್ತರ ಮುಟ್ಟಿದ. ಟಿಬೆಟ್ ಮತ್ತು ಹಿಮಾಲಯವನ್ನು ಕುರಿತ ಈತನ ಜಲವರ್ಣ ಹಾಗೂ ಪ್ಯಾಸ್ಟೆಲ್ ಚಿತ್ರಗಳು ನೂರಾರು. ವೃತ್ತಿಜೀವನದ ಬಹುಭಾಗ ಕಳೆದದ್ದು ಅಂದಿನ ತಿರುವಾಂಕೂರು ಸಂಸ್ಥಾನದ ನೆಯ್ಯೂರಿನಲ್ಲಿ. ಕೊನೆಯ ಹನ್ನೆರಡು ವರ್ಷ ವೆಲ್ಲೂರಿನಲ್ಲಿ.

ಈ ಲೇಖನದಲ್ಲಿ ‘ಹೊಂದಿಕೆ’ ಎಂದರೆ ಎತ್ತರದ ತೆಳುಗಾಳಿಗೆ ದೇಹ ಕ್ರಮೇಣ ಒಗ್ಗಿಕೊಳ್ಳುವುದು. ‘ಆಮ್ಲಜನಕ’ ಎಂದಾಗ ಸಿಲಿಂಡರಿನಲ್ಲಿ ಹೊತ್ತೊಯ್ಯುವ ಕೃತಕ ಪೂರೈಕೆ. ಎತ್ತರಗಳನ್ನು ಆ ಕಾಲದ ದಾಖಲೆಗಳಂತೆ ಅಡಿಗಳಲ್ಲಿಯೂ ಈಗಿನ ರೂಢಿಯಂತೆ ಮೀಟರುಗಳಲ್ಲಿಯೂ ಕೊಟ್ಟಿದೆ.

ಹುಟ್ಟು, ಮನೆತನ, ವಿದ್ಯಾಭ್ಯಾಸ

ಸಾಮರ್‌ವೆಲ್ ಹುಟ್ಟಿದ್ದು 1890ರ ಏಪ್ರಿಲ್ 16ರಂದು, ಇಂಗ್ಲೆಂಡಿನ ವೆಸ್ಟ್‌ಮೋರ್ಲೆಂಡ್ ಪ್ರಾಂತ್ಯದ ಕೆಂಡಲ್ ಪಟ್ಟಣದಲ್ಲಿ. ಮನೆತನದ್ದು ಪಾದರಕ್ಷೆ ತಯಾರಿಕೆಯ ಉದ್ಯಮ. 1842ರಲ್ಲಿ ಆರಂಭವಾದ ಈ ವ್ಯವಹಾರ ಮುಂದೆ ‘ಕೆ ಶೂಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕೆಂಡಲ್ ಇರುವುದು ಸರೋವರ ಸೀಮೆಯ ಬಾಗಿಲಲ್ಲಿ. ಬೆಟ್ಟಗಳು ದೊಡ್ಡವಲ್ಲ, ಆದರೆ ಕಡಿದಾದ ಬಂಡೆಗಳಿಗೆ ಕೊರತೆಯಿಲ್ಲ. ತಮ್ಮ ಲೆಸ್ಲಿಯ ಜೊತೆ ಇಲ್ಲಿಯ ಬಂಡೆಗಳನ್ನು ಹತ್ತುತ್ತ ಬೆಳೆದ ಹೊವಾರ್ಡ್, ಹದಿನೆಂಟನೆಯ ವಯಸ್ಸಿನಲ್ಲಿ ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್ಬಿನ ಸದಸ್ಯನಾದ.

ರಗ್ಬಿ ಶಾಲೆಯ ಬಳಿಕ ಕೇಂಬ್ರಿಜ್‌ನ ಗಾನ್ವಿಲ್ ಅಂಡ್ ಕೀಸ್ ಕಾಲೇಜಿನಲ್ಲಿ ಪ್ರಕೃತಿ ವಿಜ್ಞಾನಗಳನ್ನು ಓದಿ ಎರಡು ಹಂತಗಳಲ್ಲಿಯೂ ಪ್ರಥಮ ದರ್ಜೆ ಪಡೆದ. ವಿದ್ಯಾರ್ಥಿಯಾಗಿ ಮೊದಲು ನಾಸ್ತಿಕರ ಗುಂಪಿನೊಡನೆ ಓಡಾಡಿ, ಕೇಂಬ್ರಿಜ್ ಬಿಡುವ ಮುನ್ನ ಕ್ರೈಸ್ತಧರ್ಮದಲ್ಲಿ ದೃಢವಾಗಿ ನೆಲೆನಿಂತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಮುಗಿಸಿ, ಯುದ್ಧಾನಂತರ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಫೆಲೋ ಆದ.

ಮೊದಲ ಮಹಾಯುದ್ಧ

1915ರಿಂದ 1918ರವರೆಗೆ ಸಾಮರ್‌ವೆಲ್ ರಾಯಲ್ ಆರ್ಮಿ ಮೆಡಿಕಲ್ ಕೋರಿನ ಕ್ಯಾಪ್ಟನ್ ಆಗಿ ಫ್ರಾನ್ಸಿನಲ್ಲಿದ್ದ. 1916ರ ಜುಲೈ 1ರಂದು ಸೊಮ್ ಕದನ ಆರಂಭವಾದಾಗ ಈತನಿದ್ದ ಗಾಯಾಳು ಶಿಬಿರದಲ್ಲಿ ಇದ್ದವರು ನಾಲ್ವರು ಶಸ್ತ್ರವೈದ್ಯರು. ಬಂದು ಬಿದ್ದವರು ಸಾವಿರಾರು. ಶಸ್ತ್ರಕ್ರಿಯೆಗಳ ನಡುವಿನ ಬಿಡುವಿನಲ್ಲಿ ಹೊರಗೆ ಮಲಗಿಸಿದ್ದ ಸೈನಿಕರ ನಡುವೆ ಓಡಾಡಿದ್ದನ್ನೂ, ಸರದಿ ಮೀರಿ ತನ್ನನ್ನು ನೋಡಿ ಎಂದು ಅವರಲ್ಲಿ ಒಬ್ಬನೂ ಕೇಳದಿದ್ದುದನ್ನೂ ಆತ ಮುಂದೆ ಬರೆದಿಟ್ಟ. ಯುದ್ಧ ಮುಗಿಯುವ ಹೊತ್ತಿಗೆ ಆತ ಶಾಂತಿವಾದಿಯಾಗಿದ್ದ.

1922ರ ಎವರೆಸ್ಟ್ ಯಾತ್ರೆ

ಆಗ ನೇಪಾಳ ವಿದೇಶೀಯರಿಗೆ ಮುಚ್ಚಿತ್ತು. ಎವರೆಸ್ಟ್‌ಗೆ ಇದ್ದದ್ದು ಉತ್ತರದ ಒಂದೇ ದಾರಿ: ಡಾರ್ಜಿಲಿಂಗಿನಿಂದ ಚುಂಬಿ ಕಣಿವೆ ಹಾದು ಫಾರಿ, ಕಂಪಾ ಜೋಂಗ್, ಶೇಕರ್ ಜೋಂಗ್‌ಗಳ ಮೂಲಕ ಟಿಬೆಟ್ ಪ್ರಸ್ಥಭೂಮಿಯನ್ನು ಬಳಸಿ ರೊಂಗ್‌ಬುಕ್ ಮಠಕ್ಕೆ. 1921ರ ಪರಿಶೀಲನಾ ಯಾತ್ರೆ ಈ ದಾರಿಯನ್ನು ಗುರುತಿಸಿತ್ತು. ಮರುವರ್ಷ ಜನರಲ್ ಚಾರ್ಲ್ಸ್ ಬ್ರೂಸ್ ನಾಯಕತ್ವದಲ್ಲಿ ಹೊರಟ ಹದಿಮೂರು ಮಂದಿ ಬ್ರಿಟಿಷರ ತಂಡಕ್ಕೆ ಸಾಮರ್‌ವೆಲ್ ಆಯ್ಕೆಯಾದ. ಕೆಂಡಲ್ ಸೀಮೆಯವನೇ ಆದ ಇನ್ನೊಬ್ಬ ವೈದ್ಯ ಆರ್ಥರ್ ವೇಕ್‌ಫೀಲ್ಡ್ ಕೂಡ ಈ ತಂಡದಲ್ಲಿದ್ದ. ಜಾರ್ಜ್ ಮ್ಯಾಲರಿಯೊಡನೆ ಸಾಮರ್‌ವೆಲ್‌ನ ಗೆಳೆತನ ಬೆಳೆದದ್ದು ಈ ಯಾತ್ರೆಯಲ್ಲಿ. ಗುಡಾರದಲ್ಲಿ ಇಬ್ಬರೂ ಷೇಕ್ಸ್‌ಪಿಯರ್ ನಾಟಕಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು.

ಮೇ 20ರ ರಾತ್ರಿ ಮ್ಯಾಲರಿ, ಸಾಮರ್‌ವೆಲ್, ಎಡ್ವರ್ಡ್ ನಾರ್ಟನ್ ಮತ್ತು ಹೆನ್ರಿ ಮೋರ್ಸ್‌ಹೆಡ್ ಸುಮಾರು 25,000 ಅಡಿ (7,600 ಮೀ.) ಎತ್ತರದಲ್ಲಿ ತಂಗಿದರು. ಅಷ್ಟು ಎತ್ತರದಲ್ಲಿ ಅದಕ್ಕೆ ಮುಂಚೆ ಯಾರೂ ರಾತ್ರಿ ಕಳೆದಿರಲಿಲ್ಲ. ಮರುದಿನ ಚಳಿಯಿಂದ ಕುಗ್ಗಿದ ಮೋರ್ಸ್‌ಹೆಡ್ ಗುಡಾರದಲ್ಲೇ ಉಳಿದ, ಉಳಿದ ಮೂವರು ಆಮ್ಲಜನಕವಿಲ್ಲದೆ 26,985 ಅಡಿ (8,225 ಮೀ.) ಮುಟ್ಟಿದರು. ಅದು ಅಂದಿನ ದಾಖಲೆ. ಮೋರ್ಸ್‌ಹೆಡ್‌ನನ್ನೂ ಕರೆದುಕೊಂಡು ಇಳಿಯುವಾಗ ಒಬ್ಬನ ಕಾಲು ಜಾರಿ, ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಮೂವರು ಕೆಳಗೆ ಸರಿದರು. ಮ್ಯಾಲರಿ ಹಿಮಗೊಡಲಿಯನ್ನು ನೆಟ್ಟು ಹಗ್ಗವನ್ನು ಅದಕ್ಕೆ ಸುತ್ತಿ ಹಿಡಿದದ್ದರಿಂದ ನಾಲ್ವರೂ ಬದುಕಿದರು. ವಾರದೊಳಗೆ ಜಾರ್ಜ್ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆಮ್ಲಜನಕ ಬಳಸಿ ಇನ್ನೂ ಮೇಲಕ್ಕೆ ಹೋದರು.

ಜೂನ್ 7ರಂದು ಮೂರನೆಯ ಪ್ರಯತ್ನ ನಡೆದಾಗ ನಾರ್ತ್ ಕೋಲ್ ಎಂಬ ತಡಿಯಾಕಾರದ ತಗ್ಗಿನ ಕೆಳಗಿನ ಇಳಿಜಾರಿನಲ್ಲಿ ಹೊಸ ಹಿಮ ಕುಸಿಯಿತು. ಮ್ಯಾಲರಿ, ಸಾಮರ್‌ವೆಲ್, ಕಾಲಿನ್ ಕ್ರಾಫರ್ಡ್ ಮೇಲ್ಭಾಗದಲ್ಲಿದ್ದು ಉಳಿದುಕೊಂಡರು. ಕೆಳಗಿನ ಹಗ್ಗಗಳಲ್ಲಿದ್ದ ಹೊರೆಯಾಳುಗಳಲ್ಲಿ ಏಳು ಮಂದಿ ಸತ್ತರು. ಎವರೆಸ್ಟ್ ಇಳಿಜಾರಿನಲ್ಲಿ ನಡೆದ ಮೊದಲ ಸಾಮೂಹಿಕ ದುರಂತ ಇದು. ಸತ್ತವರೆಲ್ಲ ಸ್ಥಳೀಯರೇ, ತಮ್ಮಲ್ಲಿ ಒಬ್ಬರೂ ಆ ಸಾವಿನಲ್ಲಿ ಪಾಲು ಪಡೆಯಲಿಲ್ಲ ಎಂಬ ನೋವನ್ನು ಸಾಮರ್‌ವೆಲ್ ಅಡಗಿಸಿಡದೆ ಬರೆದ. ಆ ಕಾಲದ ಯಾತ್ರಾಕಥನಗಳಲ್ಲಿ ಇಂಥ ಮಾತು ಅಪರೂಪ.

1924ರ ಫೆಬ್ರುವರಿಯಲ್ಲಿ ಶಾಮೊನಿಯ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ 1922ರ ತಂಡಕ್ಕೆ ಪರ್ವತಾರೋಹಣದ ವಿಶೇಷ ಬಹುಮಾನ ಕೊಡಲಾಯಿತು. ಹಿಮಕುಸಿತದಲ್ಲಿ ಸತ್ತ ಏಳು ಮಂದಿಯನ್ನೂ ಅದಕ್ಕೆ ಸೇರಿಸಲಾಗಿತ್ತು. ತಂಡದ ಪರವಾಗಿ ಪದಕ ಸ್ವೀಕರಿಸಿದ ಎಡ್ವರ್ಡ್ ಸ್ಟ್ರಟ್, ಒಂದನ್ನು ಶಿಖರಕ್ಕೆ ಒಯ್ಯುವುದಾಗಿ ಮಾತು ಕೊಟ್ಟ. ಆ ಮಾತು ನಡೆದದ್ದು 2012ರಲ್ಲಿ. ಆರೋಹಿ ಕೆಂಟನ್ ಕೂಲ್, ವೇಕ್‌ಫೀಲ್ಡ್‌ನ ಪದಕವನ್ನು ಎವರೆಸ್ಟ್ ತುದಿಗೆ ಒಯ್ದ.

1924ರ ಎವರೆಸ್ಟ್ ಯಾತ್ರೆ

ಎರಡನೆಯ ಯಾತ್ರೆಗೆ ಸಾಮರ್‌ವೆಲ್ ಬಂದದ್ದು ಇಂಗ್ಲೆಂಡಿನಿಂದಲ್ಲ, ನೆಯ್ಯೂರಿನ ಆಸ್ಪತ್ರೆಯಿಂದ. ದಾರಿಯಲ್ಲಿ ಜನರಲ್ ಬ್ರೂಸ್ ಮಲೇರಿಯಾದಿಂದ ಹಿಂದಿರುಗಿದ್ದರಿಂದ ನಾಯಕತ್ವ ನಾರ್ಟನ್‌ಗೆ ಬಂತು.

ಮೇ ತಿಂಗಳ ಕೊನೆಯ ಭಾಗದಲ್ಲಿ ಹವಾಮಾನ ಕೆಟ್ಟು ನಾಲ್ವರು ಹೊರೆಯಾಳುಗಳು ನಾರ್ತ್ ಕೋಲ್ ಶಿಬಿರದಲ್ಲಿ ಸಿಕ್ಕಿಬಿದ್ದರು. ಅವರನ್ನು ಇಳಿಸಿ ತರಲು ನಾರ್ಟನ್, ಮ್ಯಾಲರಿ, ಸಾಮರ್‌ವೆಲ್ ಹೊರಟರು. ಅತ್ಯಂತ ಅಪಾಯದ ಅಡ್ಡದಾರಿಯಲ್ಲಿ ಮೊದಲು ಹೋದವನು ಸಾಮರ್‌ವೆಲ್. ಹಗ್ಗ ಪೂರ್ತಿ ಮುಗಿದರೂ ಅವರಿರುವ ಜಾಗಕ್ಕೆ ಕೆಲವು ಗಜ ಉಳಿದಿತ್ತು. ಇಬ್ಬರು ಜಾರಿ, ಹೇಗೋ ಹಿಮದಲ್ಲೇ ನಿಂತರು. ಆಗ ಸಾಮರ್‌ವೆಲ್ ತನ್ನ ಸೊಂಟದ ಹಗ್ಗ ಬಿಚ್ಚಿ ಹಿಮಗೊಡಲಿಗೆ ಸುತ್ತಿ, ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿ ಅವರನ್ನು ಒಬ್ಬೊಬ್ಬರಾಗಿ ಎಳೆದುಕೊಂಡ. ನಾಲ್ವರೂ ಬದುಕಿದರು. 1922ರ ಏಳು ಸಾವುಗಳ ನೆನಪು ಮೂವರ ಮನಸ್ಸಿನಲ್ಲೂ ಇತ್ತು. ಶಿಖರದ ಯತ್ನಕ್ಕೆ ಬೇಕಾದ ಕಸುವನ್ನು ಅವರು ಈ ಕೆಲಸದಲ್ಲಿ ಖರ್ಚು ಮಾಡಿದರು. ಸಾಮರ್‌ವೆಲ್‌ನ ಗಂಟಲು ಆ ವೇಳೆಗಾಗಲೇ ಕೆಟ್ಟಿತ್ತು.

ಜೂನ್ 3ರಂದು ನಾರ್ಬು ಯಿಶಾಂಗ್, ಲಾಕ್ಪಾ ಛೆಡಿ, ಸೆಂಚುಂಬಿ ಎಂಬ ಮೂವರು ಸುಮಾರು 26,800 ಅಡಿ (8,170 ಮೀ.) ಎತ್ತರಕ್ಕೆ ಗುಡಾರ ಹೊತ್ತು ತಂದರು. ಅಲ್ಲಿ ರಾತ್ರಿ ಕಳೆದು ಜೂನ್ 4ರ ಬೆಳಗ್ಗೆ ನಾರ್ಟನ್, ಸಾಮರ್‌ವೆಲ್ ಆಮ್ಲಜನಕವಿಲ್ಲದೆ ಹೊರಟರು. ಗಾಳಿಯಿಲ್ಲದ ನಿಚ್ಚಳ ದಿನ. ಏಣಿನ ಮೇಲೆ ಹೋಗದೆ ಉತ್ತರ ಮುಖದ ಹಳದಿ ಬಂಡೆಪಟ್ಟಿಯನ್ನು ಅಡ್ಡಲಾಗಿ ಹಾದರು. ಮಧ್ಯಾಹ್ನದ ಹೊತ್ತಿಗೆ ಸುಮಾರು 28,000 ಅಡಿಯಲ್ಲಿ ಸಾಮರ್‌ವೆಲ್ ನಿಂತ. ಒಂದು ಹೆಜ್ಜೆಗೆ ಏಳೆಂಟು ಉಸಿರು ಬೇಕಾಗುತ್ತಿತ್ತು, ಗಂಟಲು ಕಟ್ಟಿತ್ತು. ನಾರ್ಟನ್ ಒಬ್ಬನೇ ಮುಂದುವರಿದು 28,126 ಅಡಿ (8,573 ಮೀ.) ಮುಟ್ಟಿ ತಿರುಗಿದ. ಆತ ಹೋಗಿ ನಿಂತ ದೊಡ್ಡ ಕೊರಕಲಿಗೆ ಇಂದಿಗೂ ಆತನದೇ ಹೆಸರು. ಕುಳಿತ ಜಾಗದಿಂದ ಸಾಮರ್‌ವೆಲ್ ತೆಗೆದ ನಾರ್ಟನ್‌ನ ಛಾಯಾಚಿತ್ರ, ನೆಲದ ಮೇಲೆ ನಿಂತು ಅಷ್ಟು ಎತ್ತರದಲ್ಲಿ ತೆಗೆದ ಮೊದಲ ಚಿತ್ರ. ಇಳಿಜಾರಿನ ಕೋನವೂ ಅದರ ಮೇಲೆ ಪುಟ್ಟದಾಗಿ ಕಾಣುವ ಮನುಷ್ಯನೂ ಎಷ್ಟು ಸರಿಯಾಗಿ ಕೂತಿವೆಯೆಂದರೆ, ಕುಂಚ ಹಿಡಿದು ಪಳಗಿದ ಕಣ್ಣು ಅಲ್ಲಿ ಕೆಲಸ ಮಾಡಿರುವುದು ತಿಳಿಯುತ್ತದೆ.

ಇಳಿಯುವಾಗ ಸಾಮರ್‌ವೆಲ್‌ನ ಹಿಮಗೊಡಲಿ ಕೈಜಾರಿ ಬಿತ್ತು. ಕತ್ತಲಾಗುವ ಹೊತ್ತಿಗೆ ಕೆಮ್ಮಿನಲ್ಲಿ ಏನೋ ಕಿತ್ತು ಬಂದು ಗಂಟಲಿಗೆ ಅಡ್ಡವಾಗಿ ಉಸಿರು ನಿಂತಿತು. ಮುಂದೆ ನಡೆಯುತ್ತಿದ್ದ ನಾರ್ಟನ್‌ನನ್ನು ಕೂಗಲು ದನಿಯಿರಲಿಲ್ಲ. ಹಿಮದಲ್ಲಿ ಕುಳಿತು, ಎರಡೂ ಕೈಗಳಿಂದ ಎದೆಯನ್ನು ಒತ್ತಿ ಕೊನೆಯ ಬಾರಿ ಕೆಮ್ಮಿದಾಗ ಅಡ್ಡವಾಗಿದ್ದದ್ದು ಹೊರಬಂತು. ಹಿಮಕಡಿತದಿಂದ ಸತ್ತು ಕಳಚಿದ ಗಂಟಲಿನ ಒಳಪೊರೆ ಅದೆಂದು ಆತ ನಿರ್ಣಯಿಸಿದ. ಶಸ್ತ್ರವೈದ್ಯನೊಬ್ಬ 25,000 ಅಡಿಗಳ ಎತ್ತರದಲ್ಲಿ ತನ್ನ ಮೇಲೆ ತಾನೇ ನಡೆಸಿಕೊಂಡ ಈ ಚಿಕಿತ್ಸೆಯನ್ನು ಎತ್ತರದ ವೈದ್ಯವಿಜ್ಞಾನ ಕುರಿತ ಬರಹಗಳು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಆ ರಾತ್ರಿ ನಾರ್ಟನ್ ಹಿಮಗುರುಡಿಗೆ ತುತ್ತಾದ.

ಜೂನ್ 8ರಂದು ಮ್ಯಾಲರಿ ಮತ್ತು ಆಂಡ್ರೂ ಅರ್ವಿನ್ ಶಿಖರದತ್ತ ಹೋದವರು ಹಿಂದಿರುಗಲಿಲ್ಲ. ಸಾಮರ್‌ವೆಲ್ ತನ್ನ ಜೇಬು ಕ್ಯಾಮರಾವನ್ನು ಮ್ಯಾಲರಿಗೆ ಕೊಟ್ಟು ಕಳಿಸಿದ್ದ. 1999ರ ಮೇ 1ರಂದು ಮ್ಯಾಲರಿಯ ದೇಹ ಸಿಕ್ಕಾಗ ಅದರ ಬಳಿ ಕ್ಯಾಮರಾ ಇರಲಿಲ್ಲ. 2024ರಲ್ಲಿ ರೊಂಗ್‌ಬುಕ್ ಹಿಮನದಿಯ ಮೇಲೆ ಅರ್ವಿನ್‌ನ ಪಾದ ದೊರೆಯಿತು. ಅವರಿಬ್ಬರು ತುದಿ ಮುಟ್ಟಿದ್ದರೇ ಎಂಬ ವಿವಾದಕ್ಕೆ ಉತ್ತರ ಕೊಡಬಲ್ಲ ವಸ್ತು ಆ ಕ್ಯಾಮರಾ ಎಂದೇ ಹುಡುಕುವವರ ಎಣಿಕೆ.

ಎತ್ತರ ಮತ್ತು ದೇಹ

1922ರ ಯಾತ್ರೆಯ ಅಧಿಕೃತ ಗ್ರಂಥದಲ್ಲಿ ಸಾಮರ್‌ವೆಲ್ ಹೊಂದಿಕೆಯ ಬಗ್ಗೆ ಒಂದು ಅಧ್ಯಾಯ ಬರೆದ. ಎತ್ತರಕ್ಕೆ ಹೋದಂತೆ ಕುಗ್ಗುವ ದೇಹ ಅಲ್ಲಿಯೇ ಕೆಲವು ದಿನ ಇದ್ದರೆ ಮತ್ತೆ ಚೇತರಿಸಿಕೊಳ್ಳುತ್ತದೆ, ಎರಡನೆಯ ಬಾರಿ ಅದೇ ಎತ್ತರ ಮೊದಲಿನಷ್ಟು ಕಷ್ಟ ಕೊಡುವುದಿಲ್ಲ ಎಂಬುದು ಅದರ ತಿರುಳು. ಸಾಕಷ್ಟು ಹೊಂದಿಕೆಯಾದರೆ ಆಮ್ಲಜನಕವಿಲ್ಲದೆಯೇ ಶಿಖರ ಸಾಧ್ಯ ಎಂಬ ಪಕ್ಷ ಆತನದು. 1924ರಲ್ಲಿ ಎತ್ತರದ ಶಿಬಿರಗಳಲ್ಲಿ ಶ್ವಾಸಕೋಶದ ಗಾಳಿಗೂಡುಗಳ ಗಾಳಿಯ ಮಾದರಿ ಸಂಗ್ರಹಿಸಿ, ಅದರ ವಿಶ್ಲೇಷಣೆಯನ್ನು 1925ರಲ್ಲಿ ಶರೀರವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟಿಸಿದ. 1978ರ ಮೇ 8ರಂದು ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಆಮ್ಲಜನಕವಿಲ್ಲದೆ ತುದಿ ಮುಟ್ಟಿದಾಗ ಈ ಪಕ್ಷ ಸರಿಯೆಂದು ಸ್ಥಾಪಿತವಾಯಿತು. ಸಾಮರ್‌ವೆಲ್ ಅದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡಿದ್ದ.

ಚಿತ್ರಕಲೆ

1922ರ ಯಾತ್ರೆಯ ಅದೇ ಗ್ರಂಥದಲ್ಲಿ ಸಾಮರ್‌ವೆಲ್‌ನ ಇನ್ನೆರಡು ಬರಹಗಳಿವೆ: ಒಂದು ಟಿಬೆಟ್ಟಿನ ಬಣ್ಣಗಳನ್ನು, ಇನ್ನೊಂದು ಟಿಬೆಟ್ಟಿನ ಸಂಸ್ಕೃತಿಯನ್ನು ಕುರಿತದ್ದು. ಬಣ್ಣಗಳ ಬರಹ ಚಿತ್ರಕಾರನಾಗಿ ಆತನನ್ನು ಅರಿಯಲು ಮುಖ್ಯ ಆಧಾರ. ಇಂಗ್ಲೆಂಡಿನಲ್ಲಿಯೂ ಆಲ್ಪ್ಸ್‌ನಲ್ಲಿಯೂ ತೇವ ತುಂಬಿದ ಗಾಳಿ ದೂರದ ಬೆಟ್ಟಗಳಿಗೆ ನೀಲಿ ಮುಸುಕು ಹೊದಿಸುತ್ತದೆ. ದೂರವನ್ನು ತೋರಿಸಲು ಚಿತ್ರಕಾರರು ಆ ಮುಸುಕನ್ನೇ ನೆಚ್ಚುತ್ತಾರೆ. ಟಿಬೆಟ್ಟಿನ ಒಣಗಾಳಿಯಲ್ಲಿ ಅದು ಇಲ್ಲ. ಮೂವತ್ತು ಮೈಲಿ ಆಚೆಯ ಗುಡ್ಡದ ಕಂದು, ಹಳದಿ, ಕೆಂಪು ಬಣ್ಣಗಳು ಹತ್ತಿರದವುಗಳಷ್ಟೇ ಸ್ಪಷ್ಟ. ನೆರಳಿನ ಅಂಚು ಕೊರೆದಂತೆ. ದೂರ, ಗಾತ್ರಗಳ ಅಂದಾಜು ಕಣ್ಣಿಗೆ ತಪ್ಪುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಅದೇ ದಾರಿಯ ಮೊದಲ ಭಾಗವಾದ ಸಿಕ್ಕಿಂ: ಮಂಜು, ದಟ್ಟಹಸಿರು, ಮೃದುವಾದ ಅಂಚುಗಳು.

ಈ ನೆಲದ ಬೆಳಕಿಗೆ ತಕ್ಕಂತೆ ಆತನ ಶೈಲಿ ರೂಪುಗೊಂಡಿತು. ಬೆಟ್ಟಗಳು ವಿವರಗಳ ರಾಶಿಯಾಗಿ ಬರುವುದಿಲ್ಲ. ದೊಡ್ಡ ಮಟ್ಟಸ ಮೇಲ್ಮೈಗಳು, ಗಟ್ಟಿಯಾದ ಹೊರರೇಖೆ, ಕಡಿಮೆ ಬಣ್ಣಗಳು. ಇಪ್ಪತ್ತನೆಯ ಶತಮಾನದ ಆರಂಭದ ಆಧುನಿಕ ಚಿತ್ರಕಲೆಯ ಸರಳೀಕರಣ ಇದರಲ್ಲಿ ಕಾಣುತ್ತದೆ. ವಿಕ್ಟೋರಿಯನ್ ಕಾಲದ ಪರ್ವತಚಿತ್ರಗಳಲ್ಲಿ ಮಾಮೂಲಾಗಿದ್ದ ಗುಡುಗು, ಮೋಡ, ಭಯಭಕ್ತಿಗಳು ಇಲ್ಲಿಲ್ಲ. ಬಂಡೆಯ ಪದರ ಯಾವ ಕಡೆಗೆ ಓರೆಯಾಗಿದೆ, ಹಿಮ ಎಲ್ಲಿ ನಿಲ್ಲುತ್ತದೆ, ಏಣು ಎಲ್ಲಿ ಮುರಿಯುತ್ತದೆ ಎಂಬುದು ಹತ್ತಿದವನಿಗೆ ಮಾತ್ರ ತಿಳಿಯುವ ಬಗೆಯಲ್ಲಿ ಮೂಡಿದೆ. ಕೆಲವು ಚಿತ್ರಗಳನ್ನು ಹಿಡಿದು ಆರೋಹಣದ ದಾರಿಯನ್ನೇ ಗುರುತಿಸಬಹುದು.

ಮಾಧ್ಯಮ ಮುಖ್ಯವಾಗಿ ಎರಡು: ಜಲವರ್ಣ ಮತ್ತು ಪ್ಯಾಸ್ಟೆಲ್. ಕುಂಚದ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಒಣ ಪ್ಯಾಸ್ಟೆಲ್ ಕಡ್ಡಿಗೆ ಅನುಕೂಲ ಹೆಚ್ಚು. ಹಾಳೆಯಾಗಿ ಆತ ಅನೇಕ ಕಡೆ ಬಳಸಿದ್ದು ಕಂದು ಬಣ್ಣದ ಅಗ್ಗದ ಪೊಟ್ಟಣದ ಕಾಗದ. ಟಿಬೆಟ್ಟಿನ ಮಣ್ಣಿನ ಬಣ್ಣ ಕಾಗದದಲ್ಲೇ ಸಿದ್ಧವಿದ್ದು, ಹಿಮ, ಆಕಾಶ, ನೆರಳುಗಳನ್ನಷ್ಟೇ ಸೇರಿಸಿದರೆ ಸಾಕಾಗುತ್ತಿತ್ತು. ತೈಲವರ್ಣದಲ್ಲಿ ದೊಡ್ಡ ಗಾತ್ರದ ಕೃತಿಗಳೂ ಇವೆ. ಕೇರಳ ಕರಾವಳಿ, ತಮಿಳುನಾಡಿನ ಬೆಟ್ಟಗಳು, ಸರೋವರ ಸೀಮೆ, ಆಲ್ಪ್ಸ್ ಇವೂ ಆತನ ವಸ್ತುಗಳು. ಆದರೆ ಹೆಸರು ನಿಂತಿರುವುದು ಎವರೆಸ್ಟ್ ದಾರಿಯ ಚಿತ್ರಗಳ ಮೇಲೆ, ಅದು ನ್ಯಾಯವೂ ಹೌದು. ಲಂಡನ್ನಿನ ಆಲ್ಪೈನ್ ಕ್ಲಬ್, ರಾಯಲ್ ಜಿಯಾಗ್ರಫಿಕಲ್ ಸೊಸೈಟಿಗಳ ಸಂಗ್ರಹಗಳಲ್ಲಿ ಇವುಗಳಲ್ಲಿ ಹಲವು ಇವೆ.

ಸಂಗೀತ

ಸಾಮರ್‌ವೆಲ್ ಟಿಬೆಟ್ಟಿನ ಜನಪದ ಧಾಟಿಗಳನ್ನು ಕೇಳಿ ಸ್ವರಲಿಪಿಯಲ್ಲಿ ಬರೆದುಕೊಂಡ. 1922ರ ಯಾತ್ರೆಯನ್ನು ಜಾನ್ ನೋಯೆಲ್ ಚಿತ್ರೀಕರಿಸಿದ ಮೂಕಿ ಚಿತ್ರದ ಪ್ರದರ್ಶನಗಳಿಗೆ ಹಿನ್ನೆಲೆಯಾಗಿ ಆ ಧಾಟಿಗಳನ್ನು ಪಾಶ್ಚಾತ್ಯ ವಾದ್ಯಗಳಿಗೆ ಹೊಂದಿಸಿಕೊಟ್ಟ.

ನೆಯ್ಯೂರು

1922ರ ಯಾತ್ರೆ ಮುಗಿದ ಮೇಲೆ ಸಾಮರ್‌ವೆಲ್ ಕೈಯಲ್ಲಿದ್ದ ಅಲ್ಪ ಹಣದಲ್ಲಿ ಭಾರತವನ್ನು ಉತ್ತರದಿಂದ ದಕ್ಷಿಣದ ತುದಿಯವರೆಗೆ ಸುತ್ತಿದ. ನಾಗರಕೋವಿಲ್ ಬಳಿಯ ನೆಯ್ಯೂರಿನಲ್ಲಿ ಲಂಡನ್ ಮಿಷನರಿ ಸೊಸೈಟಿಯ ಆಸ್ಪತ್ರೆಯನ್ನು ನೋಡಿದ. 1838ರಲ್ಲಿ ಆರ್ಚಿಬಾಲ್ಡ್ ರಾಮ್ಸೆ ಆರಂಭಿಸಿದ ವೈದ್ಯಸೇವೆಯಿಂದ ಬೆಳೆದ ಈ ಆಸ್ಪತ್ರೆಯಲ್ಲಿ ಆಗ ಇದ್ದ ಶಸ್ತ್ರವೈದ್ಯ ಸ್ಟೀಫನ್ ಪ್ಯೂ ಒಬ್ಬನೇ. ಹೊರಗೆ ಕಾದವರ ಸಾಲು ಮುಗಿಯುತ್ತಿರಲಿಲ್ಲ. ಕೆಲವು ದಿನ ಶಸ್ತ್ರಕ್ರಿಯೆಗೆ ಕೈಜೋಡಿಸಿದ ಸಾಮರ್‌ವೆಲ್, ಲಂಡನ್ನಿನ ಆಸ್ಪತ್ರೆಯ ಹುದ್ದೆ ಬಿಟ್ಟು ಇಲ್ಲಿಗೇ ಬರುವುದೆಂದು ನಿಶ್ಚಯಿಸಿ 1923ರಲ್ಲಿ ಬಂದು ಸೇರಿದ. 1925ರಲ್ಲಿ ಮಾರ್ಗರೆಟ್ ಹೋಪ್ ಸಿಂಪ್ಸನ್‌ಳನ್ನು ಮದುವೆಯಾದ, ಮೂವರು ಗಂಡುಮಕ್ಕಳು.

ನೆಯ್ಯೂರು ಕೇಂದ್ರವಾಗಿ ಸುತ್ತಲಿನ ಊರುಗಳಲ್ಲಿ ಶಾಖಾ ಆಸ್ಪತ್ರೆಗಳಿದ್ದವು. ವೈದ್ಯರು ಅವುಗಳನ್ನು ಸುತ್ತಿ, ಕಾದಿಟ್ಟ ಶಸ್ತ್ರಕ್ರಿಯೆಗಳನ್ನು ಮಾಡುತ್ತಿದ್ದರು. ಈ ಭಾಗದ ದೊಡ್ಡ ಪಿಡುಗು ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗದ ಹುಣ್ಣು. ಮರಗೆಣಸೇ ಮುಖ್ಯ ಆಹಾರವಾಗಿದ್ದ ಬಡವರಲ್ಲಿ ಅದು ಹೆಚ್ಚಾಗಿತ್ತು. ಆಹಾರಕ್ಕೂ ಈ ಹುಣ್ಣಿಗೂ ಇರುವ ನಂಟನ್ನು ಸಾಮರ್‌ವೆಲ್ ಮತ್ತು ಸಹೋದ್ಯೋಗಿ ಐ. ಎಂ. ಆರ್ ಅಧ್ಯಯನ ಮಾಡಿದರು. ಜಠರ ಶಸ್ತ್ರಕ್ರಿಯೆಯಲ್ಲಿ ಇಲ್ಲಿ ದೊರೆತಷ್ಟು ಅನುಭವ ಆ ಕಾಲದ ಯೂರೋಪಿನ ಆಸ್ಪತ್ರೆಗಳಲ್ಲೂ ಸುಲಭವಾಗಿ ಸಿಗುವಂಥದಾಗಿರಲಿಲ್ಲ. ಅದರ ಫಲ 1948ರಲ್ಲಿ ಪ್ರಕಟವಾದ ಆತನ ವೈದ್ಯಗ್ರಂಥ. ಎರಡನೆಯ ಪಿಡುಗು ಬಾಯಿಯ ಕ್ಯಾನ್ಸರ್. ಎಲೆ, ಅಡಿಕೆ, ಹೊಗೆಸೊಪ್ಪು ಜಗಿಯುವ ಅಭ್ಯಾಸಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ಆರ್ 1933ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದ. ಇದಕ್ಕೆ ನೆಯ್ಯೂರಿನಲ್ಲಿ ರೇಡಿಯಂ ಚಿಕಿತ್ಸೆ ನಡೆಯುತ್ತಿತ್ತು.

ಅಂದಿನ ಬ್ರಿಟಿಷ್ ಭಾರತ ಸರ್ಕಾರ ಈತನಿಗೆ ಕೈಸರ್-ಎ-ಹಿಂದ್ ಪದಕ ನೀಡಿತು. 1956ರ ನವೆಂಬರ್ 1ರಂದು, ಕನ್ನಡ ನಾಡು ವಿಶಾಲ ಮೈಸೂರು ರಾಜ್ಯವಾಗಿ ಒಂದಾದ ದಿನವೇ, ನೆಯ್ಯೂರು ಸೇರಿದ ಕನ್ಯಾಕುಮಾರಿ ಭಾಗ ಮದರಾಸು ರಾಜ್ಯಕ್ಕೆ ಹೋಯಿತು. ಹಾಗಾಗಿ ಹಳೆಯ ಬರಹಗಳಲ್ಲಿ ತಿರುವಾಂಕೂರಿನದೆಂದು ಬರುವ ಈ ಊರು ಈಗ ತಮಿಳುನಾಡಿನಲ್ಲಿದೆ.

ವೆಲ್ಲೂರು ಮತ್ತು ಕೊನೆಯ ವರ್ಷಗಳು

1949ರಿಂದ 1961ರವರೆಗೆ ಸಾಮರ್‌ವೆಲ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯವನ್ನು ಕಲಿಸಿದ. ನಿವೃತ್ತಿಯ ನಂತರ ಇಂಗ್ಲೆಂಡಿನ ಆಂಬಲ್‌ಸೈಡ್‌ನಲ್ಲಿ ನೆಲೆಸಿ, 1962ರಿಂದ 1965ರವರೆಗೆ ಆಲ್ಪೈನ್ ಕ್ಲಬ್ಬಿನ ಅಧ್ಯಕ್ಷನಾಗಿದ್ದ. 1975ರ ಜನವರಿ 23ರಂದು ಅಲ್ಲಿಯೇ ತೀರಿಕೊಂಡ.

ಬರಹಗಳು

1936ರ ‘ಆಫ್ಟರ್ ಎವರೆಸ್ಟ್’ ಆತ್ಮಕಥನ. ಶಿಖರದ ಕಥೆಯಷ್ಟೇ ಪುಟಗಳನ್ನು ಆಸ್ಪತ್ರೆಗೂ ಕೊಡುತ್ತದೆ. 1940ರ ‘ನೈಫ್ ಅಂಡ್ ಲೈಫ್ ಇನ್ ಇಂಡಿಯಾ’ ನೆಯ್ಯೂರಿನ ಶಸ್ತ್ರವೈದ್ಯನ ದಿನಚರಿ. ಪರ್ವತ ಸಾಹಿತ್ಯದ ಓದುಗರಿಗೆ ಮೊದಲನೆಯದೂ ದಕ್ಷಿಣ ಭಾರತದ ವೈದ್ಯಚರಿತ್ರೆಯ ಓದುಗರಿಗೆ ಎರಡನೆಯದೂ ಹೆಚ್ಚು ಉಪಯುಕ್ತ. ಮಿಷನರಿ ಬರಹಗಳ ಪೂರ್ವಗ್ರಹಗಳು ಎರಡರಲ್ಲೂ ಅಲ್ಲಲ್ಲಿ ಇವೆ.

ಸಮಕಾಲೀನ ಪರ್ವತ ಚಿತ್ರಕಾರರು

ಜೊತೆಯಲ್ಲಿ ಹತ್ತಿದ ನಾರ್ಟನ್ (1884–1954) ಕೂಡ ಜಲವರ್ಣಕಾರ. 1854ರಲ್ಲಿ ವೆಟರ್‌ಹಾರ್ನ್ ಹತ್ತಿ ಹೆಸರಾದ ಆಲ್ಫ್ರೆಡ್ ವಿಲ್ಸ್‌ನ ಮೊಮ್ಮಗನಾದ ಈತನ ದಿನಚರಿ ಮತ್ತು ರೇಖಾಚಿತ್ರಗಳು 2014ರಲ್ಲಿ ಪುಸ್ತಕವಾಗಿ ಬಂದವು. ಹೂ, ಹಕ್ಕಿ, ಜನ, ವೇಷಗಳನ್ನು ಟಿಪ್ಪಣಿಯಂತೆ ಬರೆದಿಡುವುದು ನಾರ್ಟನ್‌ನ ರೀತಿ. ಸಾಮರ್‌ವೆಲ್‌ನದು ಪೂರ್ಣ ಚಿತ್ರದ ಕಟ್ಟಡ.

1920ರ ದಶಕದಲ್ಲಿ ಹಿಮಾಲಯವನ್ನು ಚಿತ್ರಿಸಿದ ಇನ್ನೊಬ್ಬ ದೊಡ್ಡ ಕಲಾವಿದ ರಷ್ಯದ ನಿಕೊಲಸ್ ರೋರಿಕ್ (1874–1947). 1923ರ ಕೊನೆಯಲ್ಲಿ ಭಾರತಕ್ಕೆ ಬಂದು, 1925ರಿಂದ 1928ರವರೆಗೆ ಮಧ್ಯ ಏಷ್ಯಾ ಯಾತ್ರೆ ನಡೆಸಿ, ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದ. ರೋರಿಕ್ ಎತ್ತರದ ಕಣಿವೆದಾರಿಗಳನ್ನು ದಾಟಿದ ಯಾತ್ರಿಕನೇ ಹೊರತು ಶಿಖರಾರೋಹಿಯಲ್ಲ. ಆತನಿಗೆ ಪರ್ವತ ಪುರಾಣ, ಸಾಧನೆ, ಋಷಿಗಳ ನೆಲೆ. ಬಣ್ಣಗಳು ನೋಟಕ್ಕಿಂತ ಭಾವಕ್ಕೆ ಅಧೀನ. ಸಾಮರ್‌ವೆಲ್ ಧರ್ಮಶ್ರದ್ಧೆಯುಳ್ಳವನಾದರೂ ಅದನ್ನು ಬೆಟ್ಟದ ಮೇಲೆ ಹೇರಲಿಲ್ಲ.

ಕರ್ನಾಟಕದ ಸಂದರ್ಭ

ಸಾಮರ್‌ವೆಲ್‌ನ ಕಾರ್ಯಕ್ಷೇತ್ರ ಕನ್ನಡ ನಾಡಲ್ಲ. ಆದರೆ ಆತನನ್ನು ಕಳಿಸಿದ ಸಂಸ್ಥೆಯೂ ಆತ ತೊಡಗಿದ ಕಲೆಯೂ ಇಲ್ಲಿಗೆ ಹೊಸವಲ್ಲ. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿ 1810ರಲ್ಲಿ ಜಾನ್ ಹ್ಯಾಂಡ್ಸ್ ಮೂಲಕ ಬಳ್ಳಾರಿಯಲ್ಲಿಯೂ 1820ರಲ್ಲಿ ಬೆಂಗಳೂರಿನಲ್ಲಿಯೂ ಕೆಲಸ ಆರಂಭಿಸಿತು. ಬೆಂಗಳೂರಿನಲ್ಲಿ ಅದರ ಪ್ರಮುಖ ಕಾರ್ಯಕರ್ತ ಬೆಂಜಮಿನ್ ರೈಸ್. ಆತನ ಮಗನೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬಿ. ಎಲ್. ರೈಸ್. ಚಿಕ್ಕಬಳ್ಳಾಪುರದ ವಾರ್ಡ್‌ಲಾ ಥಾಮ್ಸನ್ ಸ್ಮಾರಕ ಆಸ್ಪತ್ರೆ ನೆಯ್ಯೂರಿನ ಆಸ್ಪತ್ರೆಯಂತೆ ಇದೇ ಸಂಸ್ಥೆಯದು. 1910ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಸ್ಥಾಪಕ ಸಂಸ್ಥೆಗಳಲ್ಲಿಯೂ ಅದು ಒಂದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ಈ ಸಂಸ್ಥೆಯ ಸಭೆಗಳೂ ಆಸ್ಪತ್ರೆಗಳೂ ಅದರೊಳಗೆ ಸೇರಿದವು. ಬೆಂಗಳೂರು ದಂಡು ಪ್ರದೇಶದ ಶಿವಾಜಿನಗರದಲ್ಲಿ ನಡೆಯುವ ಸಿ.ಎಸ್.ಐ. ಆಸ್ಪತ್ರೆ ಮೂಲದಲ್ಲಿ ಬೇರೊಂದು ಮಹಿಳಾ ಮಿಷನ್ನಿನದು. ಈಗ ನೆಯ್ಯೂರು, ಚಿಕ್ಕಬಳ್ಳಾಪುರಗಳ ಆಸ್ಪತ್ರೆಗಳಂತೆ ಅದೇ ಸಭೆಗೆ ಸೇರಿದೆ.

ಹಿಮಾಲಯ ಚಿತ್ರಕಲೆ ಬೆಂಗಳೂರಿಗೆ ಬಂದದ್ದು ರೋರಿಕ್ ಮನೆತನದಿಂದ. ನಿಕೊಲಸ್‌ನ ಮಗ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ (1904–1993), ನಟಿ ದೇವಿಕಾರಾಣಿಯನ್ನು 1945ರಲ್ಲಿ ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ, ಮಗ ಇಬ್ಬರ ಕೃತಿಗಳಿಗೂ ಮೀಸಲಾದ ಗ್ಯಾಲರಿಗಳಿವೆ. 1920ರ ದಶಕದ ಹಿಮಾಲಯದೃಶ್ಯ ಪರಂಪರೆಯನ್ನು ಮೂಲಚಿತ್ರಗಳಲ್ಲಿ ನೋಡಬಯಸುವ ಕನ್ನಡಿಗರಿಗೆ ಹತ್ತಿರದ ಜಾಗ ಇದು.

ಈಗಿನ ಸ್ಥಿತಿ

ಪರ್ವತಾರೋಹಣದ ಚರಿತ್ರೆಯಲ್ಲಿ ಸಾಮರ್‌ವೆಲ್‌ನ ಹೆಸರು ಬಹುಕಾಲ ಮ್ಯಾಲರಿ ಮತ್ತು ನಾರ್ಟನ್‌ರ ಹಿಂದೆ ಉಳಿದಿತ್ತು. ಚಿತ್ರಗಳ ಪಟ್ಟಿ ತಯಾರಿಸುವ ಕೆಲಸ ಮತ್ತು 1922, 1924ರ ಯಾತ್ರೆಗಳ ಶತಮಾನದ ನೆಪದಲ್ಲಿ ಬಂದ ಬರಹಗಳು ಈ ಕೊರತೆಯನ್ನು ಸ್ವಲ್ಪ ತುಂಬಿವೆ. ದಕ್ಷಿಣ ಕೇರಳ ಮತ್ತು ಕನ್ಯಾಕುಮಾರಿ ಜಿಲ್ಲೆಯಲ್ಲಿ ಮಾತ್ರ ಆತ ಮೊದಲಿನಿಂದಲೂ ಪರಿಚಿತನಾಗಿರುವುದು ವೈದ್ಯನಾಗಿ. ನೆಯ್ಯೂರಿನ ಆಸ್ಪತ್ರೆ ಕ್ಯಾನ್ಸರ್ ವಿಭಾಗದೊಡನೆ ಇಂದಿಗೂ ನಡೆಯುತ್ತಿದೆ. ತಿರುವನಂತಪುರ ಜಿಲ್ಲೆಯ ಕಾರಕ್ಕೋಣಂನಲ್ಲಿ ದಕ್ಷಿಣ ಭಾರತ ಸಭೆ 2002ರಲ್ಲಿ ಆರಂಭಿಸಿದ ವೈದ್ಯಕೀಯ ಕಾಲೇಜಿಗೆ ಡಾ. ಸಾಮರ್‌ವೆಲ್ ಸ್ಮಾರಕ ಸಿ.ಎಸ್.ಐ. ಮೆಡಿಕಲ್ ಕಾಲೇಜು ಎಂದು ಹೆಸರಿಡಲಾಗಿದೆ.